ಹಳೆ ಎಕ್ಸ್‌ಚೇಂಜ್ ಪಕ್ಕದಲ್ಲೇ ಹೊಸ ಎಕ್ಸ್‌ಚೇಂಜ್: ಬೆಳಿಗ್ಗೆಯಿಂದ ಎಲ್ಲರ ಔಟ್‌ಲುಕ್‌ನಲ್ಲೂ ಎಚ್ಚರಿಕೆ ಬರುತ್ತಿದೆ, ಏನು ಮಾಡಲಿ?

ಕಾಫಿ_ಗೋದಾಮು · ಸೋಮವಾರ, ಬೆಳಿಗ್ಗೆ 10:05

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಂಪ್ಯೂಟರ್ ಕೆಲಸವನ್ನೆಲ್ಲ ನಾನೊಬ್ಬನೇ ನೋಡಿಕೊಳ್ಳುತ್ತೇನೆ. ಚಿಕ್ಕಮಗಳೂರು, ಮೂಡಿಗೆರೆಯಲ್ಲಿ ಒಂದೊಂದು ಶಾಖೆ ಇದೆ. ಒಟ್ಟು 140 ಮೇಲ್‌ಬಾಕ್ಸ್.

ಇಲ್ಲಿಯವರೆಗೆ ಮೇಲ್ ಸರ್ವರ್ ಆಗಿ ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ 2016 ಓಡುತ್ತಿತ್ತು, ವಿಂಡೋಸ್ ಸರ್ವರ್ 2012 ಆರ್2 ಮೇಲೆ. 2025ರ ಅಕ್ಟೋಬರ್ 14ಕ್ಕೆ ಎಕ್ಸ್‌ಚೇಂಜ್ 2016ರ ಸಪೋರ್ಟ್ ಮುಗಿಯಿತು. ಆಗ ಊರಲ್ಲಿ ಹಾಸನಾಂಬೆ ದರ್ಶನದ ಗದ್ದಲ, ಅರ್ಧ ಸಿಬ್ಬಂದಿ ರಜೆ. ಕೈ ಹಾಕಲು ಆಗಲಿಲ್ಲ. ಮೊನ್ನೆ ಶನಿವಾರ ರಾತ್ರಿ ಹೊಸ ಯಂತ್ರಕ್ಕೆ ವಿಂಡೋಸ್ ಸರ್ವರ್ 2022 ಹಾಕಿ, ಅದರ ಮೇಲೆ ಎಕ್ಸ್‌ಚೇಂಜ್‌ನ ಹೊಸ ಆವೃತ್ತಿ, ಸಬ್‌ಸ್ಕ್ರಿಪ್ಶನ್ ಎಡಿಷನ್, ಇನ್‌ಸ್ಟಾಲ್ ಮಾಡಿದೆ. ಒಂದೇ ಒಂದು ಮೇಲ್‌ಬಾಕ್ಸನ್ನೂ ಹೊಸದಕ್ಕೆ ಸಾಗಿಸಿಲ್ಲ. ಡಿಎನ್‌ಎಸ್ (ಸರ್ವರ್ ಹೆಸರಿಗೆ ಐಪಿ ವಿಳಾಸ ತೋರಿಸುವ ಪಟ್ಟಿ) ಮುಟ್ಟಿಲ್ಲ. ಭಾನುವಾರ ಎಲ್ಲ ಸರಿಯಾಗಿತ್ತು, ಯಾಕೆಂದರೆ ಯಾರೂ ಆಫೀಸಿಗೆ ಬಂದಿರಲಿಲ್ಲ.

ಇವತ್ತು 9 ಗಂಟೆಗೆ ಶುರುವಾಯಿತು. ಯಾರು ಔಟ್‌ಲುಕ್ ತೆರೆದರೂ ಹಳದಿ ತ್ರಿಕೋನದ ಕಿಟಕಿ. ಸರ್ವರ್‌ನ ಗುರುತಿನ ಸರ್ಟಿಫಿಕೇಟ್ ನಂಬಿಕಸ್ಥರದ್ದಲ್ಲ, ಹೆಸರೂ ಹೊಂದುತ್ತಿಲ್ಲ ಅನ್ನುತ್ತದೆ. ಮೇಲೆ ಹೊಸ ಸರ್ವರ್‌ನ ಒಳಗಿನ ಹೆಸರು ಕಾಣುತ್ತಿದೆ. ಅಕೌಂಟ್ಸ್ ಮೇಡಂ ಇದು ವೈರಸ್ ಇರಬೇಕು ಅಂತ ಕಂಪ್ಯೂಟರ್ ಆಫ್ ಮಾಡಿ ಕೂತಿದ್ದಾರೆ. ಫೋನ್‌ನಲ್ಲಿ ಮೇಲ್ ನೋಡುವವರಿಗೆ ಮಾತ್ರ ಏನೂ ತೊಂದರೆ ಇಲ್ಲ.

ಹೊಸ ಸರ್ವರ್ ಸದ್ಯಕ್ಕೆ ಆಫ್ ಮಾಡಿಬಿಡಲಾ? ಮತ್ತೊಂದು ಪ್ರಶ್ನೆ: ಎರಡನ್ನೂ ಹೀಗೆ ಜೊತೆಗೆ ಎಷ್ಟು ದಿನ ಓಡಿಸಬಹುದು?

ಅರಸೀಕೆರೆ_ಜಂಕ್ಷನ್ · 10:11

ಆಫ್ ಮಾಡಬೇಡಿ. ಗೊತ್ತಿರುವವರು ಬರುವವರೆಗೆ ಏನನ್ನೂ ಮುಟ್ಟಬೇಡಿ.

ಹೇಮಾವತಿ_ದಂಡೆ · 10:24

ಗಾಬರಿಯಾಗಬೇಡಿ, ಇದು ತೀರಾ ಸಾಮಾನ್ಯ. ಫೋನ್‌ಗೆ ತೊಂದರೆ ಇಲ್ಲ, ಡೊಮೈನ್‌ಗೆ (ಆಫೀಸಿನ ಕಂಪ್ಯೂಟರ್ ಬಳಗಕ್ಕೆ) ಸೇರಿದ ಕಂಪ್ಯೂಟರ್‌ಗೆ ಮಾತ್ರ ತೊಂದರೆ ಅಂದರಲ್ಲ, ಅಲ್ಲೇ ಉತ್ತರ ಇದೆ.

ಎಕ್ಸ್‌ಚೇಂಜ್ ಇನ್‌ಸ್ಟಾಲ್ ಆದ ಕೂಡಲೇ ಆಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಆಫೀಸಿನ ಎಲ್ಲ ಬಳಕೆದಾರರ, ಕಂಪ್ಯೂಟರ್‌ಗಳ ದಾಖಲೆ ಇರುವ ಕಡೆ, ಒಂದು ಬೋರ್ಡ್ ನೆಡುತ್ತದೆ. ಸರ್ವಿಸ್ ಕನೆಕ್ಷನ್ ಪಾಯಿಂಟ್ ಅಂತಾರೆ, ಎಸ್‌ಸಿಪಿ. "ಆಟೋಡಿಸ್ಕವರ್ (ಔಟ್‌ಲುಕ್ ತನ್ನ ಸೆಟ್ಟಿಂಗ್ ತಾನೇ ಹುಡುಕುವ ವ್ಯವಸ್ಥೆ) ಬೇಕಾದವರು ಈ ವಿಳಾಸಕ್ಕೆ ಬನ್ನಿ" ಎಂದು ಅದರಲ್ಲಿ ತನ್ನದೇ ಒಳಹೆಸರು ಬರೆದಿರುತ್ತದೆ. ಡೊಮೈನ್‌ಗೆ ಸೇರಿದ ಔಟ್‌ಲುಕ್ ಮೊದಲು ನೋಡುವುದೇ ಈ ಬೋರ್ಡನ್ನು. ಈಗ ನಿಮ್ಮಲ್ಲಿ ಎರಡು ಬೋರ್ಡ್ ಇವೆ. ಹೊಸದರ ಕಡೆ ಹೋದವರಿಗೆ ಅಲ್ಲಿ ಸಿಗುವುದು ಸರ್ವರ್ ತಾನೇ ತನಗೆ ಬರೆದುಕೊಂಡ ಸರ್ಟಿಫಿಕೇಟ್. ಅದನ್ನು ಔಟ್‌ಲುಕ್ ನಂಬುವುದಿಲ್ಲ. ಫೋನ್‌ಗಳು ಆಕ್ಟಿವ್ ಡೈರೆಕ್ಟರಿ ಕೇಳುವುದಿಲ್ಲ, ನೇರ ಡಿಎನ್‌ಎಸ್‌ನಿಂದ ಹಳೆ ಸರ್ವರ್‌ಗೇ ಹೋಗುತ್ತವೆ.

ಮಾಡಬೇಕಾದ್ದು ಎರಡು. ಹೊಸ ಸರ್ವರ್‌ನ ಎಕ್ಸ್‌ಚೇಂಜ್ ಶೆಲ್‌ನಲ್ಲಿ ಸೆಟ್-ಕ್ಲೈಂಟ್‌ಆಕ್ಸೆಸ್‌ಸರ್ವಿಸ್ ಕಮಾಂಡ್ ಕೊಟ್ಟು, ಆಟೋಡಿಸ್ಕವರ್ ಒಳವಿಳಾಸವನ್ನು ಹಳೆ ಸರ್ವರ್‌ನಲ್ಲಿ ಏನಿದೆಯೋ ಅಕ್ಷರ ಬಿಡದೆ ಅದನ್ನೇ ಹಾಕಿ. ಆಮೇಲೆ ಹಳೆ ಸರ್ವರ್‌ನ ಸರ್ಟಿಫಿಕೇಟನ್ನು ಪ್ರೈವೇಟ್ ಕೀ ಸಮೇತ ಎಕ್ಸ್‌ಪೋರ್ಟ್ ಮಾಡಿ ಹೊಸದಕ್ಕೆ ಇಂಪೋರ್ಟ್ ಮಾಡಿ, ಐಐಎಸ್ (ವೆಬ್ ಸೇವೆ) ಮತ್ತು ಎಸ್‌ಎಂಟಿಪಿ (ಮೇಲ್ ಸಾಗಿಸುವ ಸೇವೆ) ಎರಡಕ್ಕೂ ಕಟ್ಟಿ. ಮೊದಲನೆಯದನ್ನು ಈಗಲೇ ಮಾಡಿ. ಎರಡು ನಿಮಿಷದ ಕೆಲಸ.

ಕಾಫಿ_ಗೋದಾಮು · 10:52

ಮಾಡಿದೆ ಮೇಡಂ. ಹೊಸದಾಗಿ ತೆರೆದವರಿಗೆ ಬರುತ್ತಿಲ್ಲ. ಆಗಲೇ ತೆರೆದಿಟ್ಟುಕೊಂಡಿದ್ದ ಏಳೆಂಟು ಜನರಿಗೆ ಇನ್ನೂ ಬರುತ್ತಿದೆ.

ಹೇಮಾವತಿ_ದಂಡೆ · 10:55

ಔಟ್‌ಲುಕ್ ಪೂರ್ತಿ ಮುಚ್ಚಿ ಮತ್ತೆ ತೆರೆಯಲು ಹೇಳಿ. ಹಳೆ ಉತ್ತರ ಅದರ ನೆನಪಿನಲ್ಲಿ ಕೂತಿರುತ್ತದೆ.

ಕಾಫಿ_ಗೋದಾಮು · 11:20

ಹೋಯಿತು! ಮೂಡಿಗೆರೆ ಶಾಖೆಯಲ್ಲೂ ಹೋಯಿತು. ತುಂಬಾ ಧನ್ಯವಾದ. ಅಕೌಂಟ್ಸ್ ಮೇಡಂ ಕಂಪ್ಯೂಟರ್ ಆನ್ ಮಾಡಿದರು.

ಮುಳ್ಳಯ್ಯನಗಿರಿ · 11:48

ಮುಂದೆ ಈ ಕೆಲಸ ಮಾಡುವವರಿಗೆ ಒಂದು ಮಾತು. ಹೊಸ ಸರ್ವರನ್ನು ಮೊದಲು ಆಕ್ಟಿವ್ ಡೈರೆಕ್ಟರಿಯ ಬೇರೆ ಸೈಟ್‌ನಲ್ಲಿ (ನೆಟ್‌ವರ್ಕ್‌ನ ಬೇರೆ ಭಾಗದಲ್ಲಿ) ಇಟ್ಟು ಇನ್‌ಸ್ಟಾಲ್ ಮಾಡಿದರೆ ಈ ಬೆಳಗಿನ ಗಲಾಟೆಯೇ ಇರುವುದಿಲ್ಲ. ಔಟ್‌ಲುಕ್ ತನ್ನ ಸೈಟ್‌ನ ಬೋರ್ಡನ್ನೇ ಮೊದಲು ಹಿಡಿಯುತ್ತದೆ. ಸೆಟ್ಟಿಂಗ್ ಎಲ್ಲ ಮುಗಿಸಿ ಆಮೇಲೆ ಈ ಸೈಟ್‌ಗೆ ತರಬಹುದು. ಚಿಕ್ಕಮಗಳೂರಿನಲ್ಲಿ ನಾನು ಹಾಗೇ ಮಾಡಿದ್ದೆ.

ಹೇಮಾವತಿ_ದಂಡೆ · 11:59

ಸರಿ, ಆದರೆ ಆ ಸೈಟ್‌ನಲ್ಲಿ ಆಕ್ಟಿವ್ ಡೈರೆಕ್ಟರಿ ನಡೆಸುವ ಸರ್ವರ್, ಅಂದರೆ ಡೊಮೈನ್ ಕಂಟ್ರೋಲರ್, ಗ್ಲೋಬಲ್ ಕ್ಯಾಟಲಾಗ್ ಕೂಡ ಬೇಕಲ್ಲ. 140 ಜನರ ಆಫೀಸಿಗೆ ಅಷ್ಟು ಯಾಕೆ? ಇನ್‌ಸ್ಟಾಲ್ ಮುಗಿದ ಕೂಡಲೇ ಎಸ್‌ಸಿಪಿ ಬದಲಿಸಿದರೆ ಸಾಕು.

ಬಿಎಂ_ರಸ್ತೆ · ಮಧ್ಯಾಹ್ನ 1:15

ನನಗೆ ಈ ಜೊತೆಗೆ ಓಡಿಸುವ ವಿಚಾರವೇ ಒಪ್ಪಿಗೆ ಇಲ್ಲ. 140 ಮೇಲ್‌ಬಾಕ್ಸ್ ಏನು ಮಹಾ? ಶುಕ್ರವಾರ ರಾತ್ರಿ ಶುರು ಮಾಡಿ, ಸೋಮವಾರ ಬೆಳಿಗ್ಗೆಗೆ ಹಳೆಯದನ್ನು ಮುಚ್ಚಿ. ಎರಡು ಸರ್ವರ್ ಅಂದರೆ ಎರಡು ಪಟ್ಟು ತಲೆನೋವು. ಎರಡು ದೋಣಿಯಲ್ಲಿ ಕಾಲಿಟ್ಟರೆ ಬೀಳುವುದು ಗ್ಯಾರಂಟಿ.

ಇನ್ನೂ ಒಂದು: ಹಳೆಯದರ ಮೇಲೇ ಅಪ್‌ಗ್ರೇಡ್ ಓಡಿಸಿಬಿಡಬಹುದಿತ್ತಲ್ಲ?

ಮುಳ್ಳಯ್ಯನಗಿರಿ · 1:32

ಆಗುವುದಿಲ್ಲ ಅಣ್ಣ. ಇದ್ದ ಜಾಗದಲ್ಲೇ ಅಪ್‌ಗ್ರೇಡ್ ಆಗುವುದು ಎಕ್ಸ್‌ಚೇಂಜ್ 2019ರಿಂದ ಮಾತ್ರ, ಅದೂ ಸಿಯು14 ಅಥವಾ ಸಿಯು15 (ಸಿಯು ಅಂದರೆ ಒಟ್ಟುಗೂಡಿಸಿದ ಅಪ್‌ಡೇಟ್) ಇದ್ದರೆ. 2016ರಿಂದ ಬರುವವರಿಗೆ ಪಕ್ಕದಲ್ಲಿ ಹೊಸ ಸರ್ವರ್ ನಿಲ್ಲಿಸಿ ಸಾಗಿಸುವುದೊಂದೇ ದಾರಿ. 2016ರಲ್ಲೂ ಸಿಯು23 ಇರಲೇಬೇಕು.

ಒಂದು ವಾರಾಂತ್ಯದಲ್ಲಿ ಮುಗಿಸಬಹುದು ಅನ್ನುತ್ತೀರಿ. ಮೇಲ್‌ಬಾಕ್ಸ್ ಮುಗಿಯಬಹುದು. ಆದರೆ ಆ ಸರ್ವರ್‌ಗೆ ಯಾರ್ಯಾರು ಜೋತುಬಿದ್ದಿದ್ದಾರೆ ಅಂತ ಒಂದು ವಾರಾಂತ್ಯದಲ್ಲಿ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ರಿಪೋರ್ಟ್ ಕಳಿಸುವ ಸಾಫ್ಟ್‌ವೇರ್ ಇರುತ್ತದೆ. ಅದು ಶನಿವಾರ ಕೆಮ್ಮುವುದಿಲ್ಲ, 1ನೇ ತಾರೀಖು ಕೆಮ್ಮುತ್ತದೆ.

ಬಾಬಾಬುಡನ್_ಬೀಜ · 2:10

ಈ ಕಾಲದಲ್ಲಿ ಸ್ವಂತ ಮೇಲ್ ಸರ್ವರ್ ಯಾಕ್ರೀ? ಕ್ಲೌಡ್‌ಗೆ ಹೋಗಿ. 140 ಜನಕ್ಕೆ ತಿಂಗಳ ಬಾಡಿಗೆ ಕೊಟ್ಟು ನೆಮ್ಮದಿಯಾಗಿ ನಿದ್ದೆ ಮಾಡಿ. ಮೈಕ್ರೋಸಾಫ್ಟ್ ಈ ಎಡಿಷನ್‌ಗೆ 128 ಜಿಬಿ ಮೆಮೊರಿ ಹಾಕಿ ಅನ್ನುತ್ತದೆ. 2016ಕ್ಕೆ 8 ಜಿಬಿ ಇದ್ದರೆ ಶುರು ಮಾಡಬಹುದಿತ್ತು. ಚಿಕ್ಕ ಆಫೀಸುಗಳು ಎಲ್ಲಿಂದ ತರುವುದು?

ಕೊಪ್ಪದ_ಮಳೆ · 2:31

ನೀವು ಜುಲೈ ತಿಂಗಳಲ್ಲಿ ನಮ್ಮ ಕಡೆ ಬನ್ನಿ ಮಾರಾಯ್ರೆ. ಮಳೆ ಹಿಡಿದರೆ ಬಿಡುವುದಿಲ್ಲ. ಮರ ಬಿದ್ದು ಫೈಬರ್ ತುಂಡಾದರೆ ಎರಡು ದಿನ, ಮೂರು ದಿನ. ಆಗ ಕ್ಲೌಡ್ ಮೇಲ್ ಅಂದರೆ ಪಕ್ಕದ ಟೇಬಲ್‌ನವರಿಗೂ ಮೇಲ್ ಹೋಗುವುದಿಲ್ಲ. ನಮ್ಮ ಆಫೀಸಿನ ಸರ್ವರ್ ಆಫೀಸಿನೊಳಗೇ ಇದೆ, ಜನರೇಟರ್ ಇದೆ. ಒಳಗಿನ ಮೇಲ್ ಓಡಾಡುತ್ತದೆ. ಹಳೆ ಮೇಲ್ ಹುಡುಕಬಹುದು. ಬಿಲ್ಲು, ಪಟ್ಟಿ ಎಲ್ಲ ಕೈಗೆ ಸಿಗುತ್ತದೆ.

ಬಾಬಾಬುಡನ್_ಬೀಜ · 2:40

ಹೊರಗಿನಿಂದ ಬರುವ ಮೇಲ್ ಕಥೆ? ಲೈನ್ ಇಲ್ಲದಿದ್ದರೆ ನಿಮ್ಮ ಸರ್ವರ್ ಲೋಕಕ್ಕೆ ಕಾಣುವುದೇ ಇಲ್ಲ. ಕ್ಲೌಡ್‌ನಲ್ಲಾದರೆ ಅಲ್ಲಿ ಬಂದು ಕೂತಿರುತ್ತದೆ, ಮೊಬೈಲ್ ಸಿಗ್ನಲ್ ಸಿಕ್ಕಾಗ ನೋಡಬಹುದು.

ಕೊಪ್ಪದ_ಮಳೆ · 2:47

ಕಳಿಸಿದವರ ಸರ್ವರ್ ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ. ಎಕ್ಸ್‌ಚೇಂಜ್‌ನಲ್ಲೇ ಎರಡು ದಿನ ಹಿಡಿದಿಟ್ಟು ನೋಡುವ ಲೆಕ್ಕ ಇದೆ. ಮೂರನೇ ದಿನಕ್ಕೆ ಕಷ್ಟ, ಅದನ್ನು ಒಪ್ಪುತ್ತೇನೆ. ಆದರೆ ಮೊಬೈಲ್ ಸಿಗ್ನಲ್ ನಂಬಿ ಅಂದಿರಲ್ಲ, ಕರೆಂಟ್ ಹೋಗಿ ಸ್ವಲ್ಪ ಹೊತ್ತಾದರೆ ನಮ್ಮೂರ ಟವರ್ ಕೂಡ ಮಲಗುತ್ತದೆ.

ಗೊರೂರು_ಹಿನ್ನೀರು · 3:05

ಕ್ಲೌಡ್ ಜಗಳ ಬೇರೆ ಕಡೆ ಇಟ್ಟುಕೊಳ್ಳೋಣ. ಅವರು ಸರ್ವರ್ ತಂದಾಗಿದೆ, ಆಕ್ಟಿವ್ ಡೈರೆಕ್ಟರಿಯ ಸ್ಕೀಮಾ (ಒಳರಚನೆ) ಬದಲಾಗಿದೆ. ಸ್ಕೀಮಾ ಹಿಂದಕ್ಕೆ ತಿರುಗುವುದಿಲ್ಲ. ಮುಂದಿನ ದಾರಿ ಹೇಳೋಣ.

ನನ್ನ ಪ್ರಶ್ನೆ ಬೇರೆ. ನವೆಂಬರ್ ಕೊನೆ ಇದು. ಅರೇಬಿಕಾ ಕುಯ್ಲು ಶುರುವಾಗಿದೆ. ಕಣದಿಂದ ಕಾಫಿ ಬರಲು ಶುರುವಾದರೆ ಫೆಬ್ರವರಿವರೆಗೆ ನಿಮ್ಮ ಆಫೀಸಿನಲ್ಲಿ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಆಮೇಲೆ ರೋಬಸ್ಟಾ, ಆಮೇಲೆ ಮಾರ್ಚ್ ಲೆಕ್ಕ. ಈಗ ಯಾಕೆ ಕೈ ಹಾಕಿದಿರಿ? ಆಗಸ್ಟ್‌ನಲ್ಲಿ ಮಾಡಬಹುದಿತ್ತು.

ಕಾಫಿ_ಗೋದಾಮು · 3:22

ಆಗಸ್ಟ್‌ನಲ್ಲೇ ಕೇಳಿದ್ದೆ ಸರ್. ದುಡ್ಡು ಮಂಜೂರಾಗಿದ್ದು ಅಕ್ಟೋಬರ್‌ನಲ್ಲಿ. ಸಪೋರ್ಟ್ ಇಲ್ಲದ ಸರ್ವರನ್ನು ಇಂಟರ್ನೆಟ್‌ಗೆ ತೆರೆದಿಟ್ಟು ಮೇ ತಿಂಗಳವರೆಗೆ ಕಾಯುವ ಧೈರ್ಯ ಬರಲಿಲ್ಲ. ಡಿಸೆಂಬರ್ 20ರೊಳಗೆ ಮುಗಿಸಬೇಕು ಅಂತ ಅಂದುಕೊಂಡಿದ್ದೇನೆ.

ಹೇಮಾವತಿ_ದಂಡೆ · 3:40

ಒಳ್ಳೆಯದೇ ಮಾಡಿದಿರಿ. ಈಗ ಕ್ರಮ ಹೇಳುತ್ತೇನೆ.

ಮೇಲ್‌ಬಾಕ್ಸ್ ಸಾಗಿಸುವ ಮೊದಲು ಮೇಲ್ ಸರ್ವರ್‌ನ ಹೆಸರನ್ನು ಡಿಎನ್‌ಎಸ್‌ನಲ್ಲಿ ಹೊಸ ಸರ್ವರ್‌ಗೆ ತಿರುಗಿಸಿ. ತುಂಬಾ ಜನ ಉಲ್ಟಾ ಮಾಡುತ್ತಾರೆ. ಜನ ಬಂದು ತಟ್ಟುವ ಬಾಗಿಲು ಹೊಸದಾಗಿರಲಿ. ಮೇಲ್‌ಬಾಕ್ಸ್ ಹಳೆಯದರಲ್ಲಿ ಇದ್ದರೆ ಹೊಸ ಸರ್ವರ್ ತಾನೇ ಹಿಂದಕ್ಕೆ ದಾಟಿಸುತ್ತದೆ, ಪ್ರಾಕ್ಸಿ. ಬಳಸುವವರಿಗೆ ಗೊತ್ತೇ ಆಗುವುದಿಲ್ಲ. 2016 ಮತ್ತು ಈ ಹೊಸ ಎಡಿಷನ್ ಎರಡೂ ಒಂದಕ್ಕೊಂದು ದಾಟಿಸಬಲ್ಲವು, ಆದ್ದರಿಂದ ಎಡವಟ್ಟಾದರೆ ಹೆಸರನ್ನು ವಾಪಸ್ ಹಳೆಯದಕ್ಕೂ ತಿರುಗಿಸಬಹುದು.

ತಿರುಗಿಸುವ ಹಿಂದಿನ ದಿನ ಡಿಎನ್‌ಎಸ್ ಟಿಟಿಎಲ್ (ಹಳೆ ವಿಳಾಸ ನೆನಪಿನಲ್ಲಿ ಉಳಿಯುವ ಅವಧಿ) 5 ನಿಮಿಷಕ್ಕೆ ಇಳಿಸಿ. ಅದಕ್ಕೂ ಮೊದಲು ನಿಮ್ಮ ಒಬ್ಬರ ಕಂಪ್ಯೂಟರ್‌ನ ಹೋಸ್ಟ್ಸ್ ಫೈಲ್‌ನಲ್ಲಿ (ಡಿಎನ್‌ಎಸ್‌ಗಿಂತ ಮೊದಲು ಕಂಪ್ಯೂಟರ್ ನೋಡುವ ಪಟ್ಟಿ) ಹೊಸ ಐಪಿ ಬರೆದು ಒಂದು ಪೂರ್ತಿ ದಿನ ಕೆಲಸ ಮಾಡಿ ನೋಡಿ. ಕ್ಯಾಲೆಂಡರ್, ಅಡ್ರೆಸ್ ಬುಕ್, ವೆಬ್ ಮೇಲ್ ಎಲ್ಲ.

ಗೊರೂರು_ಹಿನ್ನೀರು · 4:02

ಇದಕ್ಕೆ ಒಂದು ಸೇರಿಸುತ್ತೇನೆ. ಹೊಸದರಲ್ಲಿ ಎಕ್ಸ್‌ಟೆಂಡೆಡ್ ಪ್ರೊಟೆಕ್ಷನ್ (ನಡುವೆ ಯಾರೂ ಲಾಗಿನ್ ಕದಿಯದಂತೆ ಕಾಯುವ ವ್ಯವಸ್ಥೆ) ಹುಟ್ಟಿನಿಂದಲೇ ಆನ್ ಇರುತ್ತದೆ. 2019ರ ಸಿಯು14ರಿಂದ ಹಾಗೆ. ಟಿಎಲ್ಎಸ್ (ಸಂಪರ್ಕವನ್ನು ಗುಪ್ತವಾಗಿಡುವ ಪದ್ಧತಿ) ಕೂಡ 1.2ರ ಮೇಲೇ ನಿಂತಿರುತ್ತದೆ. ನಿಮ್ಮ ಹಳೆ 2012 ಆರ್2 ಪೆಟ್ಟಿಗೆಯಲ್ಲಿ ಡಾಟ್‌ನೆಟ್‌ಗೆ ಟಿಎಲ್ಎಸ್ 1.2 ಬಳಸು ಅಂತ ರಿಜಿಸ್ಟ್ರಿಯಲ್ಲಿ ಹೇಳಿರದಿದ್ದರೆ ಎರಡೂ ಸರ್ವರ್ ಮಾತಾಡುವಾಗ ತೊದಲುತ್ತವೆ. ಎರಡರಲ್ಲೂ ಟಿಎಲ್ಎಸ್ ಸೆಟ್ಟಿಂಗ್ ಒಂದೇ ಇರಬೇಕು. ಆಮೇಲೆ, ಯಾರ ಔಟ್‌ಲುಕ್ ಆದರೂ ಪಾಸ್‌ವರ್ಡ್ ಕೇಳುತ್ತಲೇ ಇದ್ದರೆ ಮೊದಲು ಆ ಕಂಪ್ಯೂಟರ್‌ನ ಆಂಟಿವೈರಸ್ ನೋಡಿ. ಅದು ಎಚ್‌ಟಿಟಿಪಿಎಸ್ ಬಿಚ್ಚಿ ನೋಡುತ್ತಿದ್ದರೆ ಎಕ್ಸ್‌ಟೆಂಡೆಡ್ ಪ್ರೊಟೆಕ್ಷನ್ ಬಾಗಿಲು ಹಾಕಿಬಿಡುತ್ತದೆ.

ಅರಸೀಕೆರೆ_ಜಂಕ್ಷನ್ · 4:10

ಈ ಆಂಟಿವೈರಸ್ ವಿಚಾರ ನೂರಕ್ಕೆ ನೂರು ನಿಜ. ನಾನು ಎರಡು ದಿನ ಪಾಸ್‌ವರ್ಡ್ ಬದಲಿಸುತ್ತಾ ಕೂತಿದ್ದೆ.

ಕಾಫಿ_ಗೋದಾಮು · ಗುರುವಾರ, ಸಂಜೆ 6:30

ವರದಿ ಕೊಡುತ್ತೇನೆ. ಎರಡು ದಿನ ಹೋಸ್ಟ್ಸ್ ಫೈಲ್‌ನಲ್ಲಿ ಪರೀಕ್ಷೆ ಮಾಡಿ, ನಿನ್ನೆ ರಾತ್ರಿ ಹೆಸರು ತಿರುಗಿಸಿದೆ. ಬೆಳಿಗ್ಗೆ ಹಾಸನ, ಚಿಕ್ಕಮಗಳೂರಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಮೂಡಿಗೆರೆಯಲ್ಲಿ ನಾಲ್ಕು ಕಂಪ್ಯೂಟರ್‌ಗಳು ಪಾಸ್‌ವರ್ಡ್ ಕೇಳಲು ಶುರು ಮಾಡಿದವು. ಗೊರೂರು ಸರ್ ಹೇಳಿದ ಹಾಗೆ ಆಂಟಿವೈರಸ್. ಅಲ್ಲಿ ಮಾತ್ರ ಬೇರೆ ಆಂಟಿವೈರಸ್ ಇತ್ತು, ನನಗೆ ಹೇಳದೆ ಹಾಕಿಸಿದ್ದರು. ಆ ಒಂದು ಟಿಕ್ ತೆಗೆದ ಮೇಲೆ ಸರಿಹೋಯಿತು.

ನನ್ನದೂ ಸೇರಿ ಹತ್ತು ಮೇಲ್‌ಬಾಕ್ಸ್ ಸಾಗಿಸಿದೆ. ನಾಳೆ ರಾತ್ರಿ ದೊಡ್ಡವು.

ಕಾಫಿ_ಗೋದಾಮು · ಶನಿವಾರ, ಬೆಳಗಿನ ಜಾವ 4:10

ಯಾರಾದರೂ ಎದ್ದಿದ್ದೀರಾ? ಹೊಸ ಸರ್ವರ್‌ನ ಡೇಟಾಬೇಸ್ ಡಿಸ್‌ಮೌಂಟ್ ಆಗಿ ನಿಂತುಬಿಟ್ಟಿದೆ. ನಿನ್ನೆ ರಾತ್ರಿ 9ಕ್ಕೆ ಮೂವರು ಮ್ಯಾನೇಜರ್‌ಗಳ ಮೇಲ್‌ಬಾಕ್ಸ್ ಸಾಗಿಸಲು ಹಾಕಿದ್ದೆ. 38 ಜಿಬಿ, 41 ಜಿಬಿ, 27 ಜಿಬಿ. ಲಾಗ್ (ಡೇಟಾಬೇಸ್‌ನ ಪ್ರತಿ ಬದಲಾವಣೆಯ ದಾಖಲೆ) ಇಡುವ ಡಿಸ್ಕ್ 100 ಜಿಬಿ. ಈಗ ಅದರಲ್ಲಿ ಒಂದು ಬೈಟ್ ಜಾಗ ಇಲ್ಲ. ಫೋಲ್ಡರ್ ತೆರೆದರೆ ಪಟ್ಟಿ ಮುಗಿಯುವುದೇ ಇಲ್ಲ. ಎಲ್ಲ 1 ಎಂಬಿ ಫೈಲ್, ಹೆಸರು ಇ00ರಿಂದ ಶುರು. ಸುಮಾರು 1 ಲಕ್ಷ ಇರಬೇಕು. ಸರ್ವರ್ ಕೋಣೆಯಲ್ಲೇ ನಿಂತಿದ್ದೇನೆ.

ಬಿಎಂ_ರಸ್ತೆ · 5:35

ಹಳೆ ಲಾಗ್‌ಗಳನ್ನು ಡಿಲೀಟ್ ಮಾಡಿ ಮೌಂಟ್ ಮಾಡಿ. ನಾನು ಮಾಡಿದ್ದೇನೆ, ಏನೂ ಆಗಲಿಲ್ಲ.

ಹೇಮಾವತಿ_ದಂಡೆ · 5:41

ದಯವಿಟ್ಟು ಡಿಲೀಟ್ ಮಾಡಬೇಡಿ! ಡೇಟಾಬೇಸ್‌ಗೆ ಇನ್ನೂ ಬರೆಯದ ಲಾಗ್ ಒಂದು ಹೋದರೂ ಡೇಟಾಬೇಸ್ ಏಳುವುದಿಲ್ಲ. ಬಿಎಂ ರಸ್ತೆಯವರೇ, ನಿಮಗೆ ಏನೂ ಆಗದಿದ್ದದ್ದು ಅದೃಷ್ಟ. ಇನ್ನೊಬ್ಬರಿಗೆ ಆ ದಾರಿ ತೋರಿಸಬೇಡಿ.

ಗೋದಾಮು ಅವರೇ, ಇದು ವರ್ಚುವಲ್ ಯಂತ್ರವಾ? ಹಾಗಿದ್ದರೆ ಲಾಗ್ ಡಿಸ್ಕಿಗೆ ಇನ್ನೂ 100 ಜಿಬಿ ಸೇರಿಸಿ, ವಿಸ್ತರಿಸಿ, ಮೌಂಟ್ ಮಾಡಿ. ಆಮೇಲೆ ಎಕ್ಸ್‌ಚೇಂಜ್ ಗೊತ್ತಿರುವ ಬ್ಯಾಕಪ್ ಒಂದು ಫುಲ್ ತೆಗೆಯಿರಿ. ವಿಂಡೋಸ್ ಸರ್ವರ್ ಬ್ಯಾಕಪ್ ಆದರೂ ಸಾಕು. ಬ್ಯಾಕಪ್ ಮುಗಿದ ಮೇಲೆ ಲಾಗ್‌ಗಳು ತಾವಾಗಿ ಕರಗುತ್ತವೆ.

ಮ್ಯಾನೇಜರ್‌ಗಳ ಮೇಲ್ ಎಲ್ಲಿಗೂ ಹೋಗಿಲ್ಲ, ಹೆದರಬೇಡಿ. ಸಾಗಣೆ ಪೂರ್ತಿ ಆಗುವವರೆಗೆ ಅಸಲು ಪ್ರತಿ ಹಳೆ ಸರ್ವರ್‌ನಲ್ಲೇ ಇರುತ್ತದೆ, ಅಲ್ಲಿಂದಲೇ ಕೆಲಸ ನಡೆಯುತ್ತದೆ.

ಕಾಫಿ_ಗೋದಾಮು · 8:20

ಡಿಸ್ಕ್ ಸೇರಿಸಿದೆ. ಮೌಂಟ್ ಆಯಿತು. ಬ್ಯಾಕಪ್ ಓಡುತ್ತಿದೆ. ಮೊದಲು ಸಾಗಿಸಿದ್ದ ಹತ್ತು ಜನಕ್ಕೆ ಮಾತ್ರ ನಾಲ್ಕು ಗಂಟೆ ಮೇಲ್ ಇರಲಿಲ್ಲ, ಎಲ್ಲ ಮಲಗಿದ್ದರು. ಮೇಡಂ, ನಿಮ್ಮ ಋಣ ದೊಡ್ಡದು.

ಬೇಲೂರು_ಶಿಲೆ · 9:05

ಸಾಗಿಸುವಾಗ ಮೇಲ್‌ಬಾಕ್ಸ್ ಎಷ್ಟು ದೊಡ್ಡದೋ ಸುಮಾರು ಅಷ್ಟೇ ಲಾಗ್ ಹುಟ್ಟುತ್ತದೆ. ಅದಕ್ಕೇ ಈ ಕೆಲಸ ಮುಗಿಯುವವರೆಗೆ ಸರ್ಕ್ಯುಲರ್ ಲಾಗಿಂಗ್ ಆನ್ ಮಾಡಿಕೊಳ್ಳುವುದು ಒಳ್ಳೆಯದು. ಹಳೆ ಲಾಗ್ ಮೇಲೇ ಹೊಸದು ಬರೆಯುತ್ತಾ ಹೋಗುತ್ತದೆ, ಡಿಸ್ಕ್ ತುಂಬುವುದಿಲ್ಲ.

ಮುಳ್ಳಯ್ಯನಗಿರಿ · 9:20

ನಾನು ಇದನ್ನು ಒಪ್ಪುವುದಿಲ್ಲ. ಸರ್ಕ್ಯುಲರ್ ಆನ್ ಇದ್ದಾಗ ಡಿಸ್ಕ್ ಕೆಟ್ಟರೆ ನಿನ್ನೆಯ ಬ್ಯಾಕಪ್‌ವರೆಗೆ ಮಾತ್ರ ವಾಪಸ್. ಅದರ ಮೇಲಿನದು ಹೋಯಿತು. ಹೊಸದರಲ್ಲಿ ಆಗಲೇ ಜನ ಕೆಲಸ ಮಾಡುತ್ತಿದ್ದಾರೆ. ದಿನಕ್ಕೆ 50 ಜಿಬಿ ಮಾತ್ರ ಸಾಗಿಸಿ, ರಾತ್ರಿ ಬ್ಯಾಕಪ್ ಮಾಡಿ. ಒಂದು ವಾರ ಜಾಸ್ತಿ ಹಿಡಿಯಲಿ.

ಬೇಲೂರು_ಶಿಲೆ · 9:28

ಅವರಿಗೆ ಡಿಸೆಂಬರ್ 20ರ ಗಡುವು ಇದೆ. ಖಾಲಿ ಡೇಟಾಬೇಸ್ ಇನ್ನೊಂದು ಮಾಡಿ, ಅದರಲ್ಲಿ ಮಾತ್ರ ಸರ್ಕ್ಯುಲರ್ ಇಟ್ಟು ಸಾಗಿಸಿ, ಫುಲ್ ಬ್ಯಾಕಪ್ ತೆಗೆದು ಆಫ್ ಮಾಡಬಹುದಲ್ಲ?

ಮುಳ್ಳಯ್ಯನಗಿರಿ · 9:33

ಅದಾದರೆ ಸರಿ. ಯಾರೂ ಇಲ್ಲದ ಡೇಟಾಬೇಸ್‌ಗೆ ನನ್ನ ತಕರಾರಿಲ್ಲ.

ಹೇಮಾವತಿ_ದಂಡೆ · 9:50

ದೊಡ್ಡ ಮೇಲ್‌ಬಾಕ್ಸ್‌ಗಳನ್ನು ಸಾಗಿಸುವಾಗ ಕೊನೆಯ ಹೆಜ್ಜೆಗೆ ಮುಂಚೆ ನಿಲ್ಲುವ ಹಾಗೆ ಹಾಕಿ. 95 ಪರ್ಸೆಂಟ್‌ಗೆ ಬಂದು ತಾನೇ ನಿಲ್ಲುತ್ತದೆ. ಹಗಲು ಹೊತ್ತು ನಿಧಾನವಾಗಿ ತುಂಬಿಕೊಳ್ಳಲಿ. ರಾತ್ರಿ ಊಟ ಮುಗಿಸಿ ಬಂದು ಎಲ್ಲಕ್ಕೂ ಒಟ್ಟಿಗೆ ಮುಂದುವರಿ ಅಂದರೆ, ನಡುವೆ ಬಂದ ಮೇಲ್ ಮಾತ್ರ ಸಾಗಿ ಬೇಗ ಮುಗಿಯುತ್ತದೆ. ನಿದ್ದೆ ಕೆಡುವುದಿಲ್ಲ.

ಸಕಲೇಶಪುರ_ಇಬ್ಬನಿ · 11:15

ಎಲ್ಲರೂ ಮೇಲ್‌ಬಾಕ್ಸ್ ಬಗ್ಗೆ ಮಾತಾಡುತ್ತಿದ್ದೀರಿ. ಸ್ಕ್ಯಾನರ್‌ಗಳ ಬಗ್ಗೆ ಯಾರೂ ಕೇಳಲಿಲ್ಲ.

ನಮ್ಮಲ್ಲಿ ನಡೆದಿದ್ದು ಹೇಳುತ್ತೇನೆ. ಹೀಗೇ ಎಲ್ಲ ಸಾಗಿಸಿ, ಜೆರಾಕ್ಸ್ ಯಂತ್ರದ ಸ್ಕ್ಯಾನ್‌ಗೆ ಹೊಸ ಸರ್ವರ್‌ನ ಐಪಿ ಕೊಟ್ಟೆ. ನನಗೇ ಒಂದು ಸ್ಕ್ಯಾನ್ ಕಳಿಸಿ ನೋಡಿದೆ, ಬಂತು. ಸರಿ ಅಂತ ಬಿಟ್ಟೆ. ನಾಲ್ಕು ದಿನ ಆದ ಮೇಲೆ ಮಂಗಳೂರಿನ ಖರೀದಿದಾರರು ಫೋನ್ ಮಾಡಿ ಕಾಗದಪತ್ರ ಯಾಕೆ ಕಳಿಸಿಲ್ಲ ಅಂದರು. ನಮ್ಮ ಹುಡುಗಿ ದಿನಾ ಕಳಿಸಿದ್ದಳು. ಒಳಗಿನ ವಿಳಾಸಕ್ಕೆ ಹೋಗುತ್ತಿತ್ತು, ಹೊರಗಿನದಕ್ಕೆ 550 5.7.54 ಅಂತ ಹೊಸ ಸರ್ವರ್ ತಿರಸ್ಕರಿಸುತ್ತಿತ್ತು. ಸ್ಕ್ಯಾನರ್ ಆ ಉತ್ತರವನ್ನು ಪರದೆ ಮೇಲೆ ತೋರಿಸಲೇ ಇಲ್ಲ.

ಹಳೆ ಸರ್ವರ್‌ನಲ್ಲಿ ಯಾವತ್ತೋ ಯಾರೋ ರಿಲೇ ಮಾಡಲು (ಹೊರಗಿನ ವಿಳಾಸಕ್ಕೆ ಮೇಲ್ ದಾಟಿಸಲು) ಒಂದು ರಿಸೀವ್ ಕನೆಕ್ಟರ್, ಅಂದರೆ ಸರ್ವರ್ ಮೇಲ್ ತೆಗೆದುಕೊಳ್ಳುವ ಬಾಗಿಲು, ಮಾಡಿ, ಅದರಲ್ಲಿ ಐಪಿಗಳ ಪಟ್ಟಿ ಇಟ್ಟಿದ್ದರು. ಅದು ಹೊಸದಕ್ಕೆ ತಾನಾಗಿ ಬರುವುದಿಲ್ಲ. ಕೈಯಾರೆ ಮಾಡಬೇಕು.

ಕಾಫಿ_ಗೋದಾಮು · 11:30

ಅಯ್ಯೋ. ನಮ್ಮಲ್ಲೂ ಅಂಥದ್ದು ಇದೆ. ಪಟ್ಟಿಯಲ್ಲಿ ಇಡೀ ಆಫೀಸಿನ ಐಪಿ ಶ್ರೇಣಿಯೇ ಇದೆ! ಯಾರು ಬಳಸುತ್ತಾರೆ ಅಂತ ಹೇಗೆ ಹುಡುಕುವುದು?

ಸಕಲೇಶಪುರ_ಇಬ್ಬನಿ · 11:36

ಹಳೆ ಸರ್ವರ್‌ನ ಆ ಕನೆಕ್ಟರ್‌ಗೆ ಪ್ರೊಟೊಕಾಲ್ ಲಾಗಿಂಗ್ ವರ್ಬೋಸ್ (ಎಲ್ಲ ವಿವರ ಬರೆಯುವ ಹಾಗೆ) ಮಾಡಿ. ಎರಡು ವಾರ ಸುಮ್ನೆ ಬಿಡಿ. ಆಮೇಲೆ ಫ್ರಂಟ್‌ಎಂಡ್ ಲಾಗ್‌ನಲ್ಲಿ ಎಸ್‌ಎಂಟಿಪಿ ರಿಸೀವ್ ಫೋಲ್ಡರ್ ನೋಡಿ. ಬಂದವರ ಐಪಿ ಎಲ್ಲ ಸಿಗುತ್ತದೆ. ಹೊಸದರಲ್ಲಿ ಇಡೀ ಶ್ರೇಣಿ ಹಾಕಬೇಡಿ, ಬೇಕಾದ ಐಪಿ ಮಾತ್ರ. ಯಾವುದೋ ಒಂದು ಕಂಪ್ಯೂಟರ್‌ಗೆ ವೈರಸ್ ಬಂದರೆ ನಿಮ್ಮ ಹೆಸರಲ್ಲಿ ಊರಿಗೆಲ್ಲ ಕಸ ಹೋಗುತ್ತದೆ.

ಕೊಪ್ಪದ_ಮಳೆ · 12:02

ಈ ಒಂದು ಉತ್ತರಕ್ಕೇ ನಾನು ಈ ಚರ್ಚೆ ಪೂರ್ತಿ ಓದಿದ್ದು ಸಾರ್ಥಕ.

ಬಿಎಂ_ರಸ್ತೆ · 12:20

ಇದನ್ನು ಓದಿ ನನ್ನ ಮಾತು ಸ್ವಲ್ಪ ಹಿಂದಕ್ಕೆ ತಗೊಳ್ಳುತ್ತೇನೆ. ಎರಡು ವಾರ ಲಾಗ್ ನೋಡಬೇಕು ಅಂದರೆ ಎರಡೂ ಜೊತೆಗೆ ಇರಲೇಬೇಕು. ಆದರೆ ಎರಡು ವಾರ ಅಂತ ಶುರುವಾಗಿದ್ದು ಎರಡು ವರ್ಷ ಆಗುವುದನ್ನು ಕಣ್ಣಾರೆ ನೋಡಿದ್ದೇನೆ.

ಬೇಲೂರು_ಶಿಲೆ · 12:34

ಎರಡು ವರ್ಷ ಇದ್ದರೆ ಏನು ತಪ್ಪು? ಹಳೆಯದರಲ್ಲಿ ಮೇಲ್‌ಬಾಕ್ಸ್ ಇಲ್ಲ, ಸ್ಕ್ಯಾನರ್ ರಿಲೇಗೆ ಮಾತ್ರ ಇರಲಿ. ಕೆಡದೆ ಓಡುವುದನ್ನು ಯಾಕೆ ಕೀಳಬೇಕು?

ಹೇಮಾವತಿ_ದಂಡೆ · 12:58

ತಪ್ಪು ಇದೆ. 2021ರ ಮಾರ್ಚ್ ನೆನಪಿದೆಯಾ? ಎಕ್ಸ್‌ಚೇಂಜ್‌ನಲ್ಲಿ ಸಿಕ್ಕ ಪ್ರಾಕ್ಸಿಲಾಗಾನ್ ಎಂಬ ಭದ್ರತಾ ಲೋಪ. ಮೈಕ್ರೋಸಾಫ್ಟ್ ಮಾರ್ಚ್ 2ಕ್ಕೆ ಪ್ಯಾಚ್ ಬಿಟ್ಟಿತು. ಅದಕ್ಕೂ ಮೊದಲೇ ದಾಳಿ ಶುರುವಾಗಿತ್ತು, ಪ್ಯಾಚ್ ಬಂದ ಮೇಲೆ ಇನ್ನೂ ಜೋರಾಯಿತು. ಒಳಗೆ ಬಂದವರು ವೆಬ್ ಶೆಲ್ (ಮತ್ತೆ ಒಳಗೆ ಬರಲು ಕಳ್ಳಬಾಗಿಲು) ಇಟ್ಟು ಹೋಗುತ್ತಿದ್ದರು. ಆಮೇಲೆ ಪ್ಯಾಚ್ ಹಾಕಿದರೂ ಆ ಶೆಲ್ ಅಲ್ಲೇ ಇರುತ್ತಿತ್ತು. ಎಕ್ಸ್‌ಚೇಂಜ್ ಸರ್ವರ್ ಖಾಲಿ ಇದ್ದರೂ ಅದಕ್ಕೆ ಆಕ್ಟಿವ್ ಡೈರೆಕ್ಟರಿಯಲ್ಲಿ ದೊಡ್ಡ ಅಧಿಕಾರ ಇರುತ್ತದೆ. ಅದು ಬಿದ್ದರೆ ಇಡೀ ಮನೆ ಬಿದ್ದ ಹಾಗೆ. ಇನ್ನು ಮುಂದೆ ಅಂಥದ್ದು ಬಂದರೆ 2016ಕ್ಕೆ ಮಾಮೂಲಿ ಪ್ಯಾಚ್ ಬರುವುದಿಲ್ಲ.

ಇನ್ನೊಂದು. ಹೊಸ ಎಡಿಷನ್‌ನ ಮುಂದಿನ ಸಿಯುಗಳಲ್ಲಿ ಹಳೆ ಆವೃತ್ತಿ ಜೊತೆಗಿದ್ದರೆ ಇನ್‌ಸ್ಟಾಲ್ ಆಗಲು ಬಿಡುವುದಿಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. 2019ರ ಸಿಯು15 ಹೀಗೇ 2013 ಇದ್ದಲ್ಲಿ ನಿಂತುಬಿಟ್ಟಿತ್ತು. ಹಳೆಯದನ್ನು ಇಟ್ಟುಕೊಂಡರೆ ಹೊಸದಕ್ಕೂ ಅಪ್‌ಡೇಟ್ ಇಲ್ಲದ ಹಾಗಾಗುತ್ತದೆ.

ಬೇಲೂರು_ಶಿಲೆ · 1:10

ಸಿಯು ವಿಚಾರ ಗೊತ್ತಿರಲಿಲ್ಲ. ಹಾಗಾದರೆ ತೆಗೆಯಲೇಬೇಕು.

ಅರಸೀಕೆರೆ_ಜಂಕ್ಷನ್ · 1:25

ಪ್ಯಾಚ್ ಅಂದಾಗ ನೆನಪಾಯಿತು. 2022ರ ಜನವರಿ 1 ಯಾರಿಗೆ ನೆನಪಿದೆ? 2016, 2019 ಎರಡರಲ್ಲೂ ಮೇಲ್ ಕ್ಯೂನಲ್ಲಿ ನಿಂತುಬಿಟ್ಟಿತು. ಆಂಟಿ ಮಾಲ್ವೇರ್‌ನ ಆವೃತ್ತಿ ಸಂಖ್ಯೆ ತಾರೀಖಿನಿಂದ ಆಗುತ್ತಿತ್ತು. 2201010001. ಅದನ್ನು ಇಡುವ ಜಾಗದಲ್ಲಿ ಹಿಡಿಸುವುದು 2147483647ವರೆಗೆ ಮಾತ್ರ. ಹೊಸ ವರ್ಷ ಬಂದ ಕೂಡಲೇ ಸಂಖ್ಯೆ ದೊಡ್ಡದಾಯಿತು, ಎಂಜಿನ್ ಮಲಗಿತು.

ಮುಳ್ಳಯ್ಯನಗಿರಿ · 1:33

ಮರೆಯುವುದುಂಟಾ! ಹೊಸ ವರ್ಷಕ್ಕೆ ಗಿರಿಗೆ ಬಂದ ಕಾರುಗಳ ಸಾಲು ಕೈಮರದಿಂದ ಕೆಳಗೆ ನಿಂತಿತ್ತು. ನಾನು ಆ ಸಾಲಿನ ನಡುವೆ ಸಿಕ್ಕಿಕೊಂಡು, ಫೋನಿನಲ್ಲಿ ಆಫೀಸಿನ ಹುಡುಗನಿಗೆ ಫಿಲ್ಟರಿಂಗ್ ಬೈಪಾಸ್ ಮಾಡುವ ಕಮಾಂಡನ್ನು ಒಂದೊಂದೇ ಅಕ್ಷರ ಹೇಳುತ್ತಿದ್ದೆ.

ಗೊರೂರು_ಹಿನ್ನೀರು · 1:50

ಹಳೆಯದನ್ನು ತೆಗೆಯುವಾಗ ಒಂದು ಎಚ್ಚರ. ಯಂತ್ರವನ್ನು ಆಫ್ ಮಾಡಿ ಫಾರ್ಮ್ಯಾಟ್ ಹೊಡೆಯಬೇಡಿ. ನನಗೆ ಗೊತ್ತಿರುವ ಒಂದು ಕಡೆ ಹಾಗೆ ಮಾಡಿದರು. ಆಕ್ಟಿವ್ ಡೈರೆಕ್ಟರಿಗೆ ಆ ಸರ್ವರ್ ಸತ್ತಿದ್ದು ಗೊತ್ತೇ ಇಲ್ಲ. ಹೊಸ ಸರ್ವರ್ ಆಗಾಗ ಅದಕ್ಕೆ ಮೇಲ್ ದಾಟಿಸಲು ನೋಡುತ್ತಿತ್ತು, ಕ್ಯೂ ಬೆಳೆಯುತ್ತಿತ್ತು. ಕೊನೆಗೆ ಅದೇ ಹೆಸರಲ್ಲಿ ಇನ್ನೊಂದು ಯಂತ್ರ ನಿಲ್ಲಿಸಿ, ರಿಕವರ್‌ಸರ್ವರ್ ಸೆಟಪ್ ಓಡಿಸಿ, ಆಮೇಲೆ ಸರಿಯಾಗಿ ಅನ್‌ಇನ್‌ಸ್ಟಾಲ್ ಮಾಡಬೇಕಾಯಿತು. ಎರಡು ದಿನದ ಕೆಲಸ.

ಕ್ರಮ ಇದು: ಮೊದಲು ಸೆಂಡ್ ಕನೆಕ್ಟರ್‌ನಲ್ಲಿ (ಮೇಲ್ ಹೊರಗೆ ಹೋಗುವ ದಾರಿ) ಹೊಸ ಸರ್ವರ್ ಹೆಸರು ಹಾಕಿ ಹಳೆಯದನ್ನು ತೆಗೆಯಿರಿ. ಫೈರ್‌ವಾಲ್‌ನಲ್ಲಿ ಹೊರಗಿನ ಮೇಲ್ ಬರುವ 25ನೇ ಪೋರ್ಟ್ ಹೊಸದಕ್ಕೆ ತಿರುಗಿಸಿ. ಆಮೇಲೆ ಹಳೆಯದನ್ನು ಒಂದು ವಾರ ಆಫ್ ಮಾಡಿಟ್ಟು ಯಾರು ಕೂಗುತ್ತಾರೆ ನೋಡಿ. ಯಾರೂ ಕೂಗದಿದ್ದರೆ ಆನ್ ಮಾಡಿ ಅನ್‌ಇನ್‌ಸ್ಟಾಲ್ ಮಾಡಿ.

ಕಾಫಿ_ಗೋದಾಮು · ಎರಡು ವಾರದ ನಂತರ, ಶನಿವಾರ, ರಾತ್ರಿ 8:15

ಎಲ್ಲ 140 ಮೇಲ್‌ಬಾಕ್ಸ್ ಹೊಸದರಲ್ಲಿವೆ. ಬೇಲೂರು ಅವರು ಹೇಳಿದ ಹಾಗೆ ಖಾಲಿ ಡೇಟಾಬೇಸ್ ಮಾಡಿ ಸಾಗಿಸಿದೆ. ಡಿಸ್ಕ್ ಮತ್ತೆ ತುಂಬಲಿಲ್ಲ. ನಡುವೆ ಒಂದು ರಾತ್ರಿ ಕರೆಂಟ್ ಹೋಗಿ ಯುಪಿಎಸ್ ಕೂಡ ಮುಗಿದು ಎರಡೂ ಸರ್ವರ್ ಆಫ್ ಆದವು. ಬೆಳಿಗ್ಗೆ ಆನ್ ಮಾಡಿದರೆ ಸಾಗಣೆ ನಿಂತಲ್ಲಿಂದ ತಾನೇ ಮುಂದುವರಿಯಿತು.

ಇಬ್ಬನಿ ಅವರು ಹೇಳಿದ ಲಾಗ್ ಬಗ್ಗೆ ಬರೆಯಲೇಬೇಕು. ಎರಡು ವಾರದಲ್ಲಿ ಐದು ಐಪಿ ಸಿಕ್ಕವು. ಮೂರು ಸ್ಕ್ಯಾನರ್. ಒಂದು ವೇ ಬ್ರಿಡ್ಜ್ ಕಂಪ್ಯೂಟರ್, ಲಾರಿ ತೂಕದ ಚೀಟಿ ಕಳಿಸುತ್ತದೆ. ಈ ನಾಲ್ಕೂ ನನಗೆ ಗೊತ್ತಿದ್ದವು. ಐದನೆಯದು ಯಾವುದು ಅಂತ ಗೊತ್ತಾಗಲಿಲ್ಲ. ಬೆಳಗಿನ ಜಾವ 6ಕ್ಕೆ ಒಂದೇ ಒಂದು ಮೇಲ್, ಅದೂ ವಾರಕ್ಕೆರಡು ಸಲ. ಸ್ವಿಚ್‌ನಿಂದ ಕೇಬಲ್ ಹಿಡಿದು ನಡೆದುಕೊಂಡು ಹೋದೆ. ಹಿಂದಿನ ಗೋಡೌನ್ ಪಕ್ಕ ತೇವಾಂಶ ನೋಡುವ ಚಿಕ್ಕ ಲ್ಯಾಬ್ ಇದೆ. ಅಲ್ಲಿ ಗೋಣಿಚೀಲದ ಮೇಲೆ ಒಂದು ಹಳೆ ಕಂಪ್ಯೂಟರ್, ಕೀಬೋರ್ಡ್ ಮೇಲೆ ಒಂದು ಪದರ ಪಾರ್ಚ್‌ಮೆಂಟ್ ಹೊಟ್ಟು. ಲ್ಯಾಬ್ ನೋಡಿಕೊಳ್ಳುವ ಹಿರಿಯರು ಹೇಳಿದರು, ಪ್ರತಿ ಲಾಟ್‌ನ ತೇವಾಂಶ, ಔಟ್‌ಟರ್ನ್ (ಕೊನೆಗೆ ಸಿಕ್ಕ ಬೀಜದ ಪ್ರಮಾಣ) ಪಟ್ಟಿ ಅದರಿಂದಲೇ ದೊಡ್ಡ ತೋಟಗಳ ಮಾಲೀಕರಿಗೆ ಹೋಗುತ್ತದಂತೆ. ಎಲ್ಲ ಹೊರಗಿನ ವಿಳಾಸ. ಹಳೆಯದನ್ನು ಆ ದಿನವೇ ಮುಚ್ಚಿದ್ದರೆ ಅಷ್ಟೂ ತೋಟದವರಿಗೆ ಈ ಸೀಸನ್‌ನ ಲೆಕ್ಕ ಹೋಗುತ್ತಿರಲಿಲ್ಲ. ಅವರು ಕಷ್ಟಪಟ್ಟು ಬೆಳೆದ ಕಾಫಿಯ ದರ ನಿಂತಿರುವುದೇ ಆ ಪಟ್ಟಿಯ ಮೇಲೆ.

ಐದೂ ಐಪಿ ಹೊಸ ಕನೆಕ್ಟರ್‌ಗೆ ಹಾಕಿದೆ. ಮಂಗಳವಾರ 6 ಗಂಟೆಗೆ ನಾನೇ ಲ್ಯಾಬ್‌ನಲ್ಲಿ ನಿಂತು ನೋಡಿದೆ, ಹೋಯಿತು. ಸೆಂಡ್ ಕನೆಕ್ಟರ್, ಫೈರ್‌ವಾಲ್ ಕೂಡ ಅವತ್ತೇ ತಿರುಗಿಸಿದ್ದೆ. ಹೊಸ ಸರ್ವರ್ ಹೊಸ ಫೈಬರ್ ಲೈನ್‌ನ ಐಪಿಯಿಂದ ಹೊರಗೆ ಹೋಗುವುದರಿಂದ ಆ ಐಪಿಯನ್ನು ಎಸ್‌ಪಿಎಫ್‌ಗೆ (ನಮ್ಮ ಹೆಸರಲ್ಲಿ ಮೇಲ್ ಕಳಿಸಬಹುದಾದ ಐಪಿಗಳ ಪಟ್ಟಿ) ಸೇರಿಸಿ, ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ತೋರಿಸುವ ದಾಖಲೆ) ಕೂಡ ಮಾಡಿಸಿದ್ದೇನೆ. ಹಳೆಯದನ್ನು ಇವತ್ತು ಆಫ್ ಮಾಡಿದೆ.

ಸಕಲೇಶಪುರ_ಇಬ್ಬನಿ · 8:40

ಕೇಬಲ್ ಹಿಡಿದು ನಡೆದದ್ದು ತುಂಬಾ ಒಳ್ಳೆಯ ಕೆಲಸ. ಆ ಲ್ಯಾಬ್ ಹಿರಿಯರಿಗೆ ನನ್ನ ನಮಸ್ಕಾರ ಹೇಳಿ.

ಬಿಎಂ_ರಸ್ತೆ · 9:02

ನಾನು ಹೇಳಿದ ಹಾಗೆ ಸೋಮವಾರ ಮುಚ್ಚಿದ್ದರೆ ಈ ಪಟ್ಟಿ ನಿಂತೇ ಹೋಗುತ್ತಿತ್ತು. ಒಪ್ಪಿಕೊಂಡೆ.

ಕಾಫಿ_ಗೋದಾಮು · ಒಂದು ವಾರದ ನಂತರ, ಸಂಜೆ 7:10

ವಾರವಿಡೀ ಯಾರೂ ಕೂಗಲಿಲ್ಲ. ಇವತ್ತು ಆನ್ ಮಾಡಿ ಅನ್‌ಇನ್‌ಸ್ಟಾಲ್‌ಗೆ ಹೋದರೆ ಬಿಡುತ್ತಿಲ್ಲ. ಡೇಟಾಬೇಸ್‌ನಲ್ಲಿ ಇನ್ನೂ ಮೇಲ್‌ಬಾಕ್ಸ್ ಇದೆ ಅನ್ನುತ್ತದೆ. ಪಟ್ಟಿ ತೆಗೆದರೆ ಒಂದೂ ಕಾಣುವುದಿಲ್ಲ.

ಹೇಮಾವತಿ_ದಂಡೆ · 7:18

ಆರ್ಬಿಟ್ರೇಷನ್ ಮೇಲ್‌ಬಾಕ್ಸ್‌ಗಳು. ಅವು ವ್ಯವಸ್ಥೆ ತನಗಾಗಿ ಇಟ್ಟುಕೊಂಡವು, ಮಾಮೂಲಿ ಪಟ್ಟಿಯಲ್ಲಿ ಕಾಣುವುದಿಲ್ಲ. ಗೆಟ್-ಮೇಲ್‌ಬಾಕ್ಸ್ ಕಮಾಂಡಿಗೆ ಆರ್ಬಿಟ್ರೇಷನ್ ಅಂತ ಸೇರಿಸಿ ನೋಡಿ. ಆರ್ಕೈವ್, ಆಡಿಟ್‌ಲಾಗ್ ಕೂಡ ಬೇರೆ ಬೇರೆಯಾಗಿ ನೋಡಿ. ಎಲ್ಲವನ್ನೂ ಹೊಸ ಡೇಟಾಬೇಸ್‌ಗೆ ಸಾಗಿಸಿ.

ಕಾಫಿ_ಗೋದಾಮು · 9:25

ಇದ್ದವು. ಎಲ್ಲ ಸಾಗಿಸಿದೆ. ಅನ್‌ಇನ್‌ಸ್ಟಾಲ್ ಈಗಷ್ಟೇ ಮುಗಿಯಿತು, ತಪ್ಪು ಏನೂ ತೋರಿಸಲಿಲ್ಲ. ಇವತ್ತು ಡಿಸೆಂಬರ್ 20.

ಕೊಪ್ಪದ_ಮಳೆ · 9:31

ಭೇಷ್ ಮಾರಾಯ್ರೆ! ನಾಳೆಯಿಂದ ನೆಮ್ಮದಿಯಾಗಿ ಕಾಫಿ ಕಡೆ ಗಮನ ಕೊಡಿ.

ಹೇಮಾವತಿ_ದಂಡೆ · 9:40

ಸಂತೋಷ ಆಯಿತು. ಎಸ್‌ಪಿಎಫ್‌ನಲ್ಲಿ ಹೊಸ ಐಪಿ ಸೇರಿಸಿದಿರಿ. ಹಳೆ ಲೈನ್‌ನ ಐಪಿ ತೆಗೆದಿರಾ?

ಕಾಫಿ_ಗೋದಾಮು · 9:52

ಉಳಿದುಬಿಟ್ಟಿತ್ತು ಮೇಡಂ. ಈಗ ತೆಗೆದೆ.